ಮೇಗುತಿ ಗುಡ್ಡದ ಬುಡದ ಹೊಲಗಳು

ಐಹೊಳೆಯ ಮೇಗುತಿ ಗುಡ್ಡ ಹತ್ತಿದವರೆಲ್ಲ ಮಾಡುವ ಕೆಲಸ ಒಂದೇ. ಬಸದಿಯ ಪೂರ್ವದ ಗೋಡೆಯ ಮುಂದೆ ನಿಂತು ರವಿಕೀರ್ತಿಯ ಶಾಸನದ ಫೋಟೊ ಹೊಡೆದುಕೊಳ್ಳುತ್ತಾರೆ, ಬಾಟಲಿಯ ನೀರು ಮುಗಿಸುತ್ತಾರೆ, ಇಳಿಯುತ್ತಾರೆ. ಗೈಡುಗಳ ಮಾತೂ ಅಲ್ಲಿಗೇ ಮುಗಿಯುತ್ತದೆ. ನನ್ನನ್ನು ಕೇಳಿದರೆ, ಶಾಸನ ನೋಡಿದ ಮೇಲೆ ಅದಕ್ಕೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕೂಡಬೇಕು. ಕೆಳಗೆ, ಹಳೆಯ ಕೋಟೆಗೋಡೆಯ ಒಳಗೆ ಊರು. ಗುಡಿ ಯಾವುದು ಮನೆ ಯಾವುದು ಎಂದು ಮೇಲಿನಿಂದ ತಟ್ಟನೆ ತಿಳಿಯುವುದಿಲ್ಲ. ಎರಡರ ಕಲ್ಲೂ ಒಂದೇ ಬಣ್ಣ, ಬಹಳಷ್ಟರ ಮಾಳಿಗೆ ಚಪ್ಪಟೆ. ಊರಿನಾಚೆ ಹೊಲಗಳು ಹೊಳೆಯ ಕಡೆಗೆ ಇಳಿಯುತ್ತ ಹೋಗುತ್ತವೆ. ಮಲಪ್ರಭೆಯ ದಂಡೆಗುಂಟ ಕಬ್ಬಿನ ಹಸಿರು. ಅದರಾಚೆ ಮತ್ತೆ ಗುಡ್ಡ.

ನಮ್ಮ ಅಪ್ಪನ ತಂಗಿಯನ್ನು ಈ ಊರಿಗೆ ಕೊಟ್ಟಿದೆ. ಹೀಗಾಗಿ ಐಹೊಳೆ ನನಗೆ ಮೊದಲು ಅತ್ತಿಯ ಊರು. ಚಾಲುಕ್ಯರ ಊರಾದದ್ದು ಆಮೇಲೆ, ಶಾಲೆಯ ಪುಸ್ತಕ ಬಂದ ಮೇಲೆ. 'ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು' ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ತೊಟ್ಟಿಲು ಸರಿ, ಅದನ್ನು ಕಟ್ಟಿದ ಮನೆ ಯಾವುದು, ಆ ಮನೆಯವರು ಏನು ಬೆಳೆದು ಏನು ಉಣ್ಣುತ್ತಿದ್ದರು ಎಂದು ಯಾರೂ ಹೇಳುವುದಿಲ್ಲ. ಊರು ಇಲ್ಲೇ ಯಾಕೆ ಕೂತಿತು ಎಂದು ತಿಳಿಯಬೇಕಾದರೆ ಅರಸರ ವಂಶಾವಳಿಯನ್ನು ಸ್ವಲ್ಪ ಬದಿಗಿಟ್ಟು ಈ ಇಳಿಜಾರನ್ನು ನಡೆದು ನೋಡಬೇಕು ಅನ್ನುವುದು ನನ್ನ ವಾದ.

ಅತ್ತಿಯ ಗಂಡ, ನನ್ನ ಮಾಮಾನ ಜೊತೆ ಗುಡ್ಡದ ಬುಡದಿಂದ ಹೊಳೆಯ ಕಡೆಗೆ ಹೊರಟರೆ ಅರ್ಧ ದಾರಿಯಲ್ಲಿ ಚಪ್ಪಲಿಯ ಬಣ್ಣ ಬದಲಾಗುತ್ತದೆ. ಮೊದಲು ಮಡ್ಡಿ: ಹರಳು, ಗರಸು, ಜಾಲಿಗಿಡ, ಕುರಿ ಆಡು ಮೇಯುವ ನೆಲ. ಅದರ ಕೆಳಗೆ ಮಸಾರಿ. ಗುಡ್ಡದ ಮರಳುಗಲ್ಲು ಸವೆದು ಇಳಿದ ಕೆಂಪು ಉಸುಕುಮಣ್ಣು ಅದು. ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟುಕೊಡುತ್ತದೆ. ಮುಂಗಾರಿಗೆ ಸಜ್ಜಿ, ಶೇಂಗಾ, ಹೆಸರು, ತೊಗರಿ ಇಲ್ಲಿ ಬರುತ್ತವೆ. ಆಷಾಢದಲ್ಲಿ ಗಾಳಿ ಬೀಸಿ ಮೋಡ ಓಡಿಹೋಗಿ ಎರಡು ವಾರ ಮಳೆ ಹಿಂದೆ ಬಿದ್ದರೆ ಮಸಾರಿಯ ಬೆಳೆ ಸೊರಗುತ್ತದೆ. ಜಿಲ್ಲೆಯ ವರ್ಷದ ಸರಾಸರಿ ಮಳೆಯೇ 600 ಮಿಲಿಮೀಟರಿಗಿಂತ ಕಡಿಮೆ. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. 'ಬಂದರ ಮಘಿ, ಹೋದರ ಹೊಗಿ' ಎಂದು ಇಲ್ಲಿನವರು ಸುಮ್ಮನೆ ಅನ್ನುವುದಿಲ್ಲ.

ಇನ್ನೂ ಕೆಳಗೆ ಹೋದರೆ ಎರಿ, ಅಂದರೆ ಕಪ್ಪು ಜಿಗುಟು ಮಣ್ಣು. ಎರಿ ಹೊಲದ ಲೆಕ್ಕವೇ ಬೇರೆ. ಮುಂಗಾರಿನಲ್ಲಿ ಅದನ್ನು ಬಹುಮಟ್ಟಿಗೆ ಖಾಲಿ ಬಿಡುತ್ತಾರೆ. ಹೊರಗಿನವರು ನೋಡಿದರೆ ಬೀಳು ಬಿದ್ದಿದೆ ಅಂದುಕೊಳ್ಳಬೇಕು. ಆದರೆ ಆ ತಿಂಗಳುಗಳಲ್ಲೇ ಅದರ ಕೆಲಸ ನಡೆದಿರುತ್ತದೆ: ಕುಂಟಿಯಿಂದ ಹರಗುವುದು, ಕಸ ತೆಗೆಯುವುದು, ಬಿದ್ದ ಮಳೆ ಹರಿದುಹೋಗದಂತೆ ಒಡ್ಡು ನೋಡಿಕೊಳ್ಳುವುದು. ಉತ್ತರಿ, ಹಸ್ತ ಮಳೆಗಳ ಹಸಿ ನೋಡಿ ಬಿತ್ತಲು ಕೂರಿಗಿ ಹೂಡುತ್ತಾರೆ. ಬಿಳಿಜೋಳ, ಕಡಲಿ, ಕುಸುಬಿ ಹಿಂಗಾರಿಯ ಬೆಳೆಗಳು. ಬಿತ್ತಿದ ಮೇಲೆ ಮಳೆಯ ದಾರಿ ಅಷ್ಟು ಕಾಯುವುದಿಲ್ಲ. ಮಣ್ಣು ಕುಡಿದಿಟ್ಟುಕೊಂಡ ಹಸಿಯ ಮೇಲೆಯೇ ಜೋಳ ತೆನೆ ಹಿಡಿಯಬೇಕು. ಬಿಸಿಲು ಏರಿದ ಹಾಗೆ ಎರಿ ಬಿರಿಯುತ್ತದೆ, ಕೈ ಹೋಗುವಷ್ಟು ಅಗಲಕ್ಕೆ. ಬಿರುಕಿನಿಂದ ಒಳಗಿನ ಹಸಿ ಆರಿಹೋಗುತ್ತದೆ. ಸಾಲಿನ ನಡುವೆ ಎಡಿ ಹೊಡೆಯುವುದರಿಂದ ಕಳೆ ಸಾಯುತ್ತದೆ, ಅದರ ಜೊತೆಗೆ ಸಡಿಲಾದ ಮಣ್ಣು ಬಿರುಕು ತುಂಬುತ್ತದೆ. 1933ರಲ್ಲಿ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾದ ಮೇಲೆ ಒಡ್ಡಿನ, ಹಸಿಯ ಲೆಕ್ಕವೆಲ್ಲ ಕಾಗದದ ಮೇಲೆ ಬಂತು. ಮಾಮಾ ಆ ಕಾಗದ ನೋಡಿಲ್ಲ. ಹೆಂಟೆಯೊಂದನ್ನು ಕೈಯಲ್ಲಿ ಒಡೆದು ನೋಡಿ, 'ಇನ್ನೂ ನಾಕ್ ದಿನ ತಡೀಬೇಕ ತಮ್ಮಾ' ಅನ್ನುತ್ತಾನೆ.

ಎರಿಯ ಈ ಗುಣವೇ ಊರಿನ ಜಾಗವನ್ನೂ ಗೊತ್ತುಮಾಡಿದ್ದು. ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗುವ ನೆಲದ ಮೇಲೆ ಗೋಡೆ ನಿಲ್ಲುವುದಿಲ್ಲ. ಈಗಲೂ ಎರಿ ಮೇಲೆ ಮನೆ ಕಟ್ಟಿಸುವವರು ಪಾಯಾ ಆಳಕ್ಕೆ ತೋಡಿಸಿ ಗರಸು ತುಂಬಿಸುತ್ತಾರೆ, ಆದರೂ ಕೆಲವು ವರ್ಷಕ್ಕೆ ಬಾಗಿಲ ಚೌಕಟ್ಟಿನ ಮೂಲೆಯಿಂದ ಸೀಳು ಕಾಣಿಸಿಕೊಳ್ಳುತ್ತದೆ. ಮೇಲಾಗಿ, ಜೋಳ ಕೊಡುವ ನೆಲವನ್ನು ಮನೆಗೆ ಹಾಕಿ ಹಾಳುಮಾಡುವ ಬುದ್ಧಿಗೇಡಿತನ ಯಾರಿಗೆ ಬೇಕು? ಹಾಗಾಗಿ ಊರು ಗುಡ್ಡದ ಬುಡದ ಗಟ್ಟಿ ನೆಲದಲ್ಲಿ ಕೂತಿತು. ಕಟ್ಟಲು ಕಲ್ಲು ಬೆನ್ನ ಹಿಂದೆ, ಉಣ್ಣಲು ಕಾಳು ಕಣ್ಣ ಮುಂದೆ. ಹೊಳೆಯ ಮಹಾಪೂರ ಬಂದರೂ ತಲೆಯ ಮೇಲೆ ಬರುವುದಿಲ್ಲ. ಮಲಪ್ರಭೆಯ ಸೀಮೆಯಲ್ಲಿ ಇಂಥ ಲೆಕ್ಕ ಹಾಕಿ ಕೂತ ಹಳ್ಳಿಗಳು ಬಹಳ ಇವೆ; ಅವಕ್ಕೆ ಶಾಸನದ ಭಾಗ್ಯ ಬರಲಿಲ್ಲ ಅಷ್ಟೇ.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಬಾದಾಮಿಯಿಂದ ಇಲ್ಲಿಯವರೆಗೆ ಹಬ್ಬಿದ ಈ ಕೆಂಪು ಗುಡ್ಡಗಳು ಮರಳುಗಲ್ಲಿನವು. ಕೋಟಿ ಕೋಟಿ ವರ್ಷಗಳ ಹಿಂದೆ ನೀರು ತಂದು ಹಾಸಿದ ಮರಳು ಪದರು ಪದರಾಗಿ ಗಟ್ಟಿಯಾಗಿ ಆದದ್ದು. ಪದರುಗಳ ಸಂದು ನೋಡಿ ಸಾಲಾಗಿ ಉಳಿ ಹಾಕಿ ಬಡಿದರೆ ಹಾಸುಗಲ್ಲು ಎದ್ದುಬರುತ್ತದೆ. ಈ ಒಂದು ಗುಣಕ್ಕೆ ಐಹೊಳೆ ಎಷ್ಟು ಋಣಿ ಎಂಬುದನ್ನು ಲಾಡಖಾನ್ ಗುಡಿಯ ಮಾಳಿಗೆ ಹತ್ತಿ ನೋಡಿದವರು ಬಲ್ಲರು. ಇಳಿಜಾರಾಗಿ ಹಾಸಿದ ಚಪ್ಪಡಿಗಳು, ಎರಡು ಚಪ್ಪಡಿ ಕೂಡುವಲ್ಲಿ ಮಳೆನೀರು ಇಳಿಯದಂತೆ ಮೇಲೆ ಮಲಗಿಸಿದ ಉದ್ದನೆಯ ಕಲ್ಲಿನ ತೊಲೆಗಳು. ಮರದ ಮನೆ ಕಟ್ಟುತ್ತಿದ್ದ ಕೈ ಕಲ್ಲಿಗೆ ಹೊರಳಿಕೊಂಡ ಗುರುತು ಅಲ್ಲಿ ಎದ್ದು ಕಾಣುತ್ತದೆ. ಹಿಂದಿನ ವಿದ್ವಾಂಸರು ಆ ಗುಡಿಯನ್ನು 5ನೇ ಶತಮಾನಕ್ಕೆ ಒಯ್ದಿದ್ದರು; ಈಗಿನವರು 7–8ನೇ ಶತಮಾನಕ್ಕೆ ತಂದಿದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ಕಟ್ಟಿದವನಿಗೆ ಸೋರುವ ಮಾಳಿಗೆಯ ಕಷ್ಟ ಗೊತ್ತಿತ್ತು, ಅದು ಮುಖ್ಯ.

ಇದೇ ಕೆಲಸದ ಇನ್ನೂ ಹಳೆಯ ಮಾದರಿ ಗುಡ್ಡದ ಮೇಲೆಯೇ ಇದೆ. ಮೇಗುತಿ ಬಸದಿಯ ಆಚೆ ನಡೆದರೆ ಬೃಹತ್ ಶಿಲಾಯುಗದ ಸಮಾಧಿಗಳು ಸಿಗುತ್ತವೆ: ಮೂರು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಗೂಡುಗಳು. ಚಾಲುಕ್ಯರು ಬರುವುದಕ್ಕೆ ನೂರಾರು ವರ್ಷ ಮೊದಲೇ ಕಬ್ಬಿಣ ಬಳಸುತ್ತಿದ್ದ, ದನ ಸಾಕುತ್ತಿದ್ದ ಜನ ತಮ್ಮವರನ್ನು ಇಲ್ಲಿ ಮಲಗಿಸಿದರು. ಬದುಕಿದ್ದವರು ಎಲ್ಲಿ ಇದ್ದರು? ಬುಡದಲ್ಲಿ, ಹೊಲದ ಹತ್ತಿರ ಇದ್ದಿರಬೇಕು. ಸಮಾಧಿಯ ಚಪ್ಪಡಿಗೂ ಲಾಡಖಾನ್ ಗುಡಿಯ ಚಪ್ಪಡಿಗೂ ನೇರ ಸಂಬಂಧ ಹೇಳಿದರೆ ಪಂಡಿತರು ನಕ್ಕಾರು. ಇರಲಿ. ಅತ್ತಿಯ ಮನೆಯ ಹಿತ್ತಲಿನಲ್ಲಿ ಎಮ್ಮೆ ಕಟ್ಟುವ ಜಾಗಕ್ಕೂ ಎರಡು ಚಪ್ಪಡಿ ನಿಲ್ಲಿಸಿ ಒಂದನ್ನು ಹೊದಿಸಿದ್ದಾರೆ. ಈ ಗುಡ್ಡದ ಕಲ್ಲು ಕೈಗೆ ಸಿಕ್ಕವನಿಗೆ ಕಲಿಸುವ ಮೊದಲ ಪಾಠ ಅದೇ ಎಂದು ನನಗೆ ಅನ್ನಿಸುತ್ತದೆ.

ಕಲ್ಲಿನಷ್ಟೇ ದೊಡ್ಡ ಕೊಡುಗೆ ನೀರಿನದು. ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದ ಮಳೆನೀರು ಕೆಳಗಿನ ಗಟ್ಟಿ ಪದರಿಗೆ ತಾಗಿ ಪಕ್ಕಕ್ಕೆ ಸರಿದು ಯಾವುದೋ ಕೊಳ್ಳದಲ್ಲಿ ಒಸರುತ್ತದೆ. ಮಹಾಕೂಟದ ಹೊಂಡ ಹಾಗೆ ತುಂಬುತ್ತದೆ. ಐಹೊಳೆಗೆ ಹತ್ತಿರದ ಸಿದ್ದನಕೊಳ್ಳವೂ ಹಾಗೆಯೇ. ಬಂಡೆಯಡಿಯ ಆ ತಂಪಿನಲ್ಲಿ ಲಜ್ಜಾಗೌರಿಯನ್ನು ಕೆತ್ತಿದ್ದಾರೆ. ಮಕ್ಕಳ ಫಲ ಬೇಡುವ ದೇವತೆ ನೀರು ಹುಟ್ಟುವಲ್ಲಿ ಇರುವುದರಲ್ಲಿ ಆಶ್ಚರ್ಯವೇನಿಲ್ಲ. ಪರಶುರಾಮ ರಕ್ತದ ಕೊಡಲಿಯನ್ನು ಇಲ್ಲಿ ತೊಳೆದ, ಹೊಳೆ ಕೆಂಪಾಯಿತು ಎಂಬ ಕಥೆಯನ್ನು ಗೈಡುಗಳು ತಪ್ಪದೆ ಹೇಳುತ್ತಾರೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮಸಾರಿಯ ಕೆಂಪನ್ನೆಲ್ಲ ಹೊತ್ತ ಹಳ್ಳಗಳು ಮಲಪ್ರಭೆಗೆ ಬೀಳುವುದನ್ನು ಒಮ್ಮೆ ನೋಡಿ, ಕಥೆ ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ರವಿಕೀರ್ತಿಯನ್ನು ಪೂರ್ತಿ ಬಿಟ್ಟರೂ ತಪ್ಪಾಗುತ್ತದೆ. ಶಕವರ್ಷ 556, ಅಂದರೆ ಕ್ರಿ.ಶ. 634ರ ಸುಮಾರಿಗೆ ಅವನು ಬರೆದ ಸಂಸ್ಕೃತ ಶಾಸನ ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳ ಪಟ್ಟಿ ಕೊಡುತ್ತದೆ. ಉತ್ತರದ ಹರ್ಷನ ಹರ್ಷವೆಲ್ಲ ಭಯಕ್ಕೆ ಕರಗಿಹೋಯಿತು ಎಂಬ ಚಮತ್ಕಾರದ ಸಾಲು ಅದರಲ್ಲೇ ಇರುವುದು. ಮಹಾಭಾರತ ಯುದ್ಧವಾಗಿ 3,735 ವರ್ಷವಾಯಿತು ಎಂಬ ಲೆಕ್ಕವೂ ಇದೆ. ಕೊನೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಳ್ಳುತ್ತಾನೆ, ಸಂಕೋಚದ ಮನುಷ್ಯನಲ್ಲ. ನನಗೆ ಹಿಡಿಸಿದ್ದು ಬೇರೆ ಮಾತು. ಜಿನನಿಗೆ ಕಲ್ಲಿನ ಮನೆ ಕಟ್ಟಿಸಿದೆ ಎಂದು ಅವನು ಒತ್ತಿ ಹೇಳುತ್ತಾನೆ. ಕಲ್ಲಿನ ಮನೆ ಎಂಬುದನ್ನು ಹೇಳಿಕೊಳ್ಳಬೇಕಾದ ಕಾಲ ಅದು. ಉಳಿದವರ ಮನೆಗಳು ಮಣ್ಣು, ಮರದವು ಇದ್ದಿರಬೇಕು. ಪುಲಕೇಶಿಯ ಆನೆ ಕುದುರೆಗಳ ವರ್ಣನೆಯಲ್ಲಿ ಅವುಗಳಿಗೆ ಕಣಕಿ, ಅಂದರೆ ಜೋಳದ ದಂಟಿನ ಮೇವು, ಎಲ್ಲಿಂದ ಬಂತು ಎಂಬುದಿಲ್ಲ. ಶಾಸನಕ್ಕೆ ಬೆನ್ನು ಕೊಟ್ಟು ಕೂತರೆ ಅದಕ್ಕೆ ಉತ್ತರ ಕೆಳಗೆ ಕಾಣುತ್ತದೆ.

ಇನ್ನು ಐನೂರ್ವರು. ಅಯ್ಯಾವೊಳೆಯ ಐನೂರ್ವರು ಎಂಬ ವ್ಯಾಪಾರಿಗಳ ಸಂಘ ಈ ಊರಿನ ಹೆಸರು ಹೊತ್ತು ದಕ್ಷಿಣವನ್ನೆಲ್ಲ ಸುತ್ತಿತು. ಕತ್ತೆ, ಕೋಣಗಳ ಮೇಲೆ ಸರಕು ಹೇರಿಕೊಂಡು ಊರೂರು ತಿರುಗುತ್ತಿದ್ದ ಅವರ ಬಿರುದುಗಳನ್ನು ಹೊಗಳುವ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕಾಗಳಲ್ಲಿ ಇವೆ. ಸುಮಾತ್ರಾ ದ್ವೀಪದ ಬಾರೂಸ್ ಹತ್ತಿರ 1088ರ ತಮಿಳು ಶಾಸನವೊಂದರಲ್ಲೂ ಐನೂರ್ವರ ಹೆಸರಿದೆ. ಇಂದು ಅಮೀನಗಡದಿಂದ ಬರುವ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಟ್ಟೆಯ ಮೇಲೆ ಕೂತು ಕಾಯಬೇಕಾದ ಊರಿನ ಹೆಸರು ಒಂದು ಕಾಲಕ್ಕೆ ಸಮುದ್ರ ದಾಟಿತ್ತು ಎಂದರೆ ಅತ್ತಿಯ ಮೊಮ್ಮಕ್ಕಳು ನಂಬುವುದಿಲ್ಲ. ಸಂಘ ದೊಡ್ಡದಾದ ಮೇಲೆ ಅದರ ವ್ಯಾಪಾರಿಗಳೆಲ್ಲ ಇಲ್ಲಿಯವರಾಗಿ ಉಳಿಯಲಿಲ್ಲ, ಹೆಸರು ಮಾತ್ರ ಉಳಿಯಿತು. ರೈತರಿಗೆ ಆ ಅನುಕೂಲವಿಲ್ಲ. ಹೊಲ ಬಿಟ್ಟು ಹೆಸರು ಹೊತ್ತು ತಿರುಗಲಾಗುವುದಿಲ್ಲ.

ಆಮೇಲಿನ ಶತಮಾನಗಳನ್ನು ಬೇಗ ದಾಟುತ್ತೇನೆ. ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ವಿಜಯನಗರ, ಆದಿಲಶಾಹಿ, ಮರಾಠರು ಬಂದುಹೋದರು. ಬ್ರಿಟಿಷರ ಕಾಲದಲ್ಲಿ ಈ ಸೀಮೆ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಯಲ್ಲಿತ್ತು. 1876–78ರ ಬರ ಆ ಜಿಲ್ಲೆಯನ್ನು ಹಿಂಡಿಹಾಕಿತು. 1885ರಲ್ಲಿ ಜಿಲ್ಲೆಯ ಮುಖ್ಯ ಕಚೇರಿ ವಿಜಾಪುರಕ್ಕೆ ಹೋಯಿತು, 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಗುಡಿಗಳು ಈ ನಡುವೆ ಏನಾದವು ಎಂಬುದೇ ರುಚಿಯಾದ ಕಥೆ. ದೇವರಿಲ್ಲದ ಗುಡಿಗಳಲ್ಲಿ ಜನ ಇದ್ದರು. ಸಂಸಾರ ಹೂಡಿದರು, ದನ ಕಟ್ಟಿದರು, ಹೊಟ್ಟು ಮೇವು ಒಟ್ಟಿದರು. ಹೆಸರುಗಳನ್ನೇ ನೋಡಿ: ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಲಾಡಖಾನ್ ಅನ್ನುವುದೂ ಅದರಲ್ಲಿ ಇದ್ದವನ ಹೆಸರು. ದುರ್ಗದ ಗುಡಿಯ ದುರ್ಗ ದೇವಿಯಲ್ಲ. ಅದರ ಮೇಲೆ ಕೋಟೆಯ ಕಾವಲಿನ ಕಟ್ಟಡ ಏರಿಸಿದ್ದರಿಂದ ಬಂದ ಹೆಸರು. ಕಟ್ಟಿಸಿದವರ ಹೆಸರು ಅಳಿಸಿಹೋಗಿ, ಇದ್ದವರ ಹೆಸರು ನಿಂತಿತು. ಇದನ್ನು ಅಜ್ಞಾನ ಎಂದು ಬೈಯುವ ಲೇಖನಗಳನ್ನು ಓದಿದ್ದೇನೆ. ನಾನು ಬೈಯಲಾರೆ. ನೂರಕ್ಕೂ ಹೆಚ್ಚು ಗುಡಿಗಳಲ್ಲಿ ಎಷ್ಟೋ ಇಂದಿಗೂ ನಿಂತಿರುವುದಕ್ಕೆ ಒಳಗೆ ಜನರಿದ್ದದ್ದೂ ಒಂದು ಕಾರಣವಿರಬೇಕು. ಮಾಳಿಗೆ ಸೋರಿದರೆ ಮಣ್ಣು ಮೆತ್ತುವವರು, ಗೋಡೆಯ ಸಂದಿನಲ್ಲಿ ಅರಳಿಸಸಿ ಎದ್ದರೆ ಕೀಳುವವರು ಬೇಕಲ್ಲ.

ಅತ್ತಿಯ ಮನೆ ಗುಡಿಯೊಳಗೆ ಇಲ್ಲ, ಗುಡಿಯ ಪಕ್ಕದಲ್ಲಿದೆ. ಕೆಂಪು ಕಲ್ಲಿನ ದಪ್ಪ ಗೋಡೆ, ಜಂತಿಯ ಮೇಲೆ ಹಾಳಮಣ್ಣಿನ ಮೇಲ್ಮುದ್ದಿ, ನಡುವೆ ಬೆಳಕಿಂಡಿ. ಬಾಗಿಲು ದಾಟಿದ ಕೂಡಲೇ ಒಂದು ಬದಿಗೆ ದನಗಳ ಗ್ವಾದಲಿ, ಮೂರು ಮೆಟ್ಟಿಲು ಎತ್ತರಕ್ಕೆ ಮನುಷ್ಯರ ಕಟ್ಟೆ. ಏಪ್ರಿಲ್ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ಇದ್ದಾಗ ಒಳಗೆ ಚಾಪೆ ಹಾಸಿ ನಿದ್ದೆ ಮಾಡಬಹುದು. ಇಷ್ಟನ್ನು ಬರೆದರೆ ಓದುವವರಿಗೆ ಬಹಳ ಚೆಂದ ಅನ್ನಿಸುತ್ತದೆ. ಪ್ರತಿ ಬೇಸಿಗೆ ಮಾಳಿಗೆಗೆ ಮಣ್ಣು ಹೊರುವವಳು ಅತ್ತಿ. ಮಳೆಗಾಲದಲ್ಲಿ ಸೋರುವಲ್ಲಿ ಪಾತ್ರೆ ಇಡುವವಳೂ ಅವಳೇ.

ಕಷ್ಟ ಇಲ್ಲಿಂದ ಶುರು. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಒಂದು ಗುಡಿ ಇರುವ ಊರಿಗೆ ಇದು ನಡೆಯುತ್ತದೆ. ಓಣಿ ಓಣಿಗೂ ಗುಡಿ ಇರುವ ಊರಲ್ಲಿ ನೂರು ಮೀಟರಿನ ವೃತ್ತಗಳು ಒಂದರ ಮೇಲೊಂದು ಬಿದ್ದು ಊರನ್ನೇ ಮುಚ್ಚುತ್ತವೆ. ಹೊಸ ಮನೆ ಕಟ್ಟುವಂತಿಲ್ಲ, ರಿಪೇರಿಗೂ ಪರವಾನಗಿ. ಅಣ್ಣ ತಮ್ಮಂದಿರು ಬೇರೆಯಾದರೆ ಮನೆ ಬೇರೆಯಾಗುವುದಿಲ್ಲ, ನಡುವೆ ಗೋಡೆ ಏಳುತ್ತದೆ. ಕಾಯ್ದೆಯ ಉದ್ದೇಶ ತಪ್ಪು ಎಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ದುರ್ಗದ ಗುಡಿಯ ಎದುರು ಇಷ್ಟು ಹೊತ್ತಿಗೆ ಮೂರು ಅಂತಸ್ತಿನ ಲಾಡ್ಜು ನಿಂತಿರುತ್ತಿತ್ತು. ಅಳತೆಯ ಟೇಪು ಹಿಡಿದವರಿಗೆ ಊರು ಗುಡಿಗಳ ನಡುವಿನ ಅಡ್ಡಿಯಾಗಿ ಕಂಡಿತು ಅನ್ನುವುದೇ ನನ್ನ ತಕರಾರು.

ಹೀಗಾಗಿ ಊರನ್ನೇ ಬೇರೆ ಕಡೆ ಒಯ್ಯುವ ಮಾತು ದಶಕಗಳಿಂದ ಕೇಳಿಬರುತ್ತಿದೆ. ಚುನಾವಣೆ ಬಂದಾಗ ಎದ್ದು, ಆಮೇಲೆ ಮಲಗುತ್ತದೆ. ಸ್ಥಳಾಂತರ ಅಂದರೆ ಏನು ಎಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೆ ಮಲಪ್ರಭೆಯ ದಂಡೆಯ ಹಳ್ಳಿಗಳು ಮುಳುಗಿದವು. 'ಆಸರೆ' ಯೋಜನೆಯಲ್ಲಿ ದೂರದ ಎತ್ತರದ ನೆಲದಲ್ಲಿ ಮನೆಗಳು ಎದ್ದವು. 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಬಂತು, ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ನೀರು ನಿಂತ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ನವಗ್ರಾಮ ಎಂಬ ಫಲಕದ ಹಿಂದೆ ಸಾಲಾಗಿ ನಿಂತ ಪುಟ್ಟ ಸಿಮೆಂಟ್ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದವು. ದನಕ್ಕೆ ಜಾಗವಿಲ್ಲ, ಕಣಕಿ ಒಟ್ಟಲು ಹಿತ್ತಲಿಲ್ಲ, ಕೂರಿಗಿ ಇಡಲು ಪಡಸಾಲೆಯಿಲ್ಲ. ಜನ ಹಗಲು ಹಳೆಯ ಊರಿಗೆ ಹೋಗಿ ಬರುತ್ತಾರೆ.

ಮಾಮಾನನ್ನು ಈ ಬಗ್ಗೆ ಕೇಳಿದರೆ ಅವನು ಗುಡಿಯ ಮಾತೇ ಎತ್ತುವುದಿಲ್ಲ. 'ಹ್ವಾದ್ರ ಹೋಗೂಣಂತ. ಆದ್ರ ಎಲ್ಲಿ ಕಟ್ಟತಾರ ಅನ್ನೂದು ಮೊದ್ಲ ಹೇಳ್ಲಿ. ಎರಿ ಮ್ಯಾಲ ಕಟ್ಟಿದ್ರ ಗ್ವಾಡಿ ಸೀಳತಾವ. ಮಡ್ಡಿ ಮ್ಯಾಲ ಕಟ್ಟಿದ್ರ ಎತ್ತ ಹೊಡ್ಕೊಂಡು ಹೊಲಾ ಮುಟ್ಟೂದ್ರಾಗ ಬಿಸಲ ಏರತೈತಿ. ಮಸಾರಿ ಒಳಗ ಕಟ್ಟತೇವಂದ್ರ, ಸಜ್ಜಿ ಯಾರ ಕೊಡತಾರ?'

ಅಡುಗೆಮನೆಯಿಂದ ಅತ್ತಿ ರೊಟ್ಟಿ ಬಡಿಯುತ್ತಲೇ ತಕರಾರು ತೆಗೆಯುತ್ತಾಳೆ. 'ನಿಮ್ಮ ಮಾಮಾಗ ಮಣ್ಣಿಂದ ಒಂದ ಚಿಂತಿ. ನಂಗೇನು ಎಲ್ಲಿದ್ರೂ ನಡೀತೈತಿ, ಮನಿ ಒಳಗ ನಳಾ ಇರಬೇಕು, ಬಚ್ಚಲಾ ಇರಬೇಕು, ಮಾಳಿಗಿಗೆ ಮಣ್ಣ ಹೊರೂದು ತಪ್ಪಬೇಕು.' ಗುಳೇದಗುಡ್ಡದಿಂದ ಬಂದ ಸೊಸೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ಅವಳ ಒಲವು ಯಾವ ಕಡೆಗೆಂದು ಕೇಳಬೇಕಾಗಿಯೂ ಇಲ್ಲ. ಗೋವಾಕ್ಕೆ ದುಡಿಯಲು ಹೋದ ಮಗ ಫೋನಿನಲ್ಲಿ ಆರ್‌ಸಿಸಿ ಮನೆಯ ನಕ್ಷೆ ಕಳಿಸಿದ್ದಾನೆ, ಕಟ್ಟಲು ಪರವಾನಗಿ ಎಲ್ಲಿಂದ ತರುವುದೆಂದು ಕೇಳಿಲ್ಲ. ನಾನು ಅತ್ತಿಯ ಪಕ್ಷ. ಆದರೆ ಮಾಮಾ ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಬರಲಿ. ಹೊಸ ಊರಿನ ನಕ್ಷೆ ಬರೆಯುವವರು ಜೊತೆಗೆ ಒಂದು ಮಣ್ಣಿನ ನಕ್ಷೆಯನ್ನೂ ಇಟ್ಟುಕೊಂಡು ಕೂತರೆ ಸಾಕು, ಉಳಿದದ್ದನ್ನು ಗಂಡ ಹೆಂಡತಿ ಮನೆಯೊಳಗೇ ಬಗೆಹರಿಸಿಕೊಳ್ಳುತ್ತಾರೆ.